ಅಪ್ರೆಂಟಿಸ್ ತಗೊಳ್ಳೋದು ಹೇಗೆ, ಕಲಿಸೋದು ಹೇಗೆ: ಸಣ್ಣ ಶೆಡ್ಡಿನಿಂದ ದೊಡ್ಡ ಕಾರ್ಖಾನೆವರೆಗೆ

ಅಪ್ರೆಂಟಿಸ್, ಅಂದರೆ ಸ್ಟೈಪೆಂಡ್ (ತರಬೇತಿ ಭತ್ಯೆ) ತಗೊಂಡು ಕೆಲಸ ಕಲಿಯುವವರು, ಬೇಕು ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳೋದು ಒಂದೇ: ನಿಮ್ಮಲ್ಲಿ ಕಲಿಸೋರು ಯಾರು? ಹೆಸರು ಹೇಳಿ. "ಎಲ್ಲರೂ ಕಲಿಸ್ತಾರೆ ಸಾರ್" ಅಂದರೆ ಯಾರೂ ಕಲಿಸೋದಿಲ್ಲ ಅಂತಲೇ ಲೆಕ್ಕ. ನೋಂದಣಿ ಮಾಡುವ ಪೋರ್ಟಲ್ಲು, ಕರಾರು ಪತ್ರ, ಸರ್ಕಾರದ ಪಾಲಿನ ದುಡ್ಡು ಇವೆಲ್ಲ ನಿಮ್ಮ ಅಕೌಂಟೆಂಟ್ ಕೂತು ಎರಡು ದಿನದಲ್ಲಿ ಮುಗಿಸುವ ಕೆಲಸ. ಹುಡುಗ ಒಂದು ವರ್ಷ ಉಳಿಯುತ್ತಾನೋ, ತಿಂಗಳೊಪ್ಪತ್ತಿನಲ್ಲಿ ಬ್ಯಾಗ್ ಹೊತ್ತು ಊರಿಗೆ ಹೋಗುತ್ತಾನೋ ಅನ್ನೋದು ಮಾತ್ರ ಆ ಹೆಸರಿನ ಮೇಲೆ ನಿಂತಿರುತ್ತದೆ.

ಇದನ್ನು ಜಾಸ್ತಿಯಾಗಿ ಮೆಷಿನ್ ಶಾಪ್, ಫ್ಯಾಬ್ರಿಕೇಶನ್, ಫೌಂಡ್ರಿ ಕಡೆಯವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಗ್ಯಾರೇಜು, ಬೇಕರಿ, ಬಟ್ಟೆ ಅಂಗಡಿಯವರಿಗೂ ಕಾಯ್ದೆ ಇದೇ, ಕೊನೆಯ ಕಡೆ ಅವರಿಗೂ ನಾಲ್ಕು ಮಾತು ಇದೆ.

ಕಾಯ್ದೆ ನಿಮಗೆ ಎಲ್ಲಿ ತಾಗುತ್ತದೆ

ಅಪ್ರೆಂಟಿಸ್ ಕಾಯ್ದೆ 1961ರದ್ದು. 2014ರಲ್ಲಿ ಕಾಯ್ದೆಯನ್ನು, 2019ರಲ್ಲಿ ನಿಯಮಗಳನ್ನು ಚೆನ್ನಾಗಿಯೇ ತಿದ್ದಿದರು. ಈಗಿರೋದು ಹೀಗೆ. 30 ಅಥವಾ ಜಾಸ್ತಿ ಜನ ಕೆಲಸ ಮಾಡುತ್ತಿದ್ದರೆ ಅಪ್ರೆಂಟಿಸ್ ತಗೊಳ್ಳಲೇಬೇಕು. 4ರಿಂದ 29 ಜನ ಇದ್ದರೆ ನಿಮ್ಮಿಷ್ಟ. ಅದಕ್ಕೂ ಕಡಿಮೆ ಇದ್ದರೆ ಅವಕಾಶ ಇಲ್ಲ. ಲೆಕ್ಕಕ್ಕೆ ಪರ್ಮನೆಂಟ್ ಜನ ಮಾತ್ರ ಬರೋದಲ್ಲ, ಕಾಂಟ್ರಾಕ್ಟ್‌ನವರೂ ಸೇರುತ್ತಾರೆ. ಬಹಳ ಜನ ಎಡವೋದು ಇಲ್ಲೇ. "ನಮ್ಮ ರೋಲಿನಲ್ಲಿರೋದು 18 ಜನ" ಅಂತಾರೆ, ಒಳಗೆ ಹೋಗಿ ನೋಡಿದರೆ ಲೇಬರ್ ಕಾಂಟ್ರಾಕ್ಟರ್ ಕಡೆಯವರು 15 ಜನ ಇರುತ್ತಾರೆ. ಒಟ್ಟು 33 ಆಯ್ತಲ್ವಾ, ಗೆರೆ ದಾಟಿದ್ದೀರಿ.

ಎಷ್ಟು ಜನರನ್ನು ತಗೊಳ್ಳಬೇಕು? ಒಟ್ಟು ಜನರ ಶೇಕಡಾ 2.5ರಿಂದ 15ರವರೆಗೆ. 40 ಜನರ ಶಾಪ್ ಆದರೆ ಕನಿಷ್ಠ ಒಬ್ಬ, ಹೆಚ್ಚೆಂದರೆ ಆರು. 200 ಜನರ ಕಾರ್ಖಾನೆ ಆದರೆ 5ರಿಂದ 30. ತಗೊಳ್ಳದಿದ್ದರೆ ದಂಡ ಇದೆ. 2014ರ ತಿದ್ದುಪಡಿಯಲ್ಲಿ ಜೈಲಿನ ಭಯ ತೆಗೆದರು, ದುಡ್ಡಿನ ದಂಡ ಉಳಿಯಿತು. ಆದರೆ ದಂಡ ತಪ್ಪಿಸೋದಕ್ಕೆ ಅಂತ ಸುಮ್ನೆ ಇಬ್ಬರ ಹೆಸರು ಬರೆಸಿ ಸ್ಟೋರಿನಲ್ಲಿ ಪೆಟ್ಟಿಗೆ ಎತ್ತಿಸುವವರು ಇದ್ದಾರೆ. ಅಂಥವರು ದಂಡವನ್ನೇ ಕಟ್ಟಿಬಿಟ್ಟರೆ ಹುಡುಗರ ಒಂದು ವರ್ಷವಾದರೂ ಉಳಿಯುತ್ತದೆ.

ವಯಸ್ಸು ಕನಿಷ್ಠ 14, ಅಪಾಯದ ಕೆಲಸಗಳಲ್ಲಿ 18. ನನ್ನನ್ನು ಕೇಳಿದರೆ ಪವರ್ ಪ್ರೆಸ್, ಫೌಂಡ್ರಿ, ಪ್ಲೇಟಿಂಗ್ ಇರುವ ಕಡೆ 18 ಆಗದವರನ್ನು ಒಳಗೆ ಬಿಡಲೇಬಾರದು. 18 ಆಗದವರ ಕರಾರಿಗೆ ಅಪ್ಪ, ಅಮ್ಮ ಅಥವಾ ಪೋಷಕರ ಸಹಿ ಬೇಕು.

ಬಾಗಿಲು ಎರಡಿವೆ. ಹತ್ತನೇ ಕ್ಲಾಸ್, ಪಿಯುಸಿ, ಐಟಿಐ ಆದವರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಉತ್ತೇಜನ ಯೋಜನೆ, ಬಾಯಲ್ಲಿ ಎಲ್ಲರೂ ಹೇಳೋದು ನ್ಯಾಪ್ಸ್. ಅದು 2016ರಲ್ಲಿ ಶುರುವಾದದ್ದು. ಡಿಪ್ಲೊಮಾ, ಡಿಗ್ರಿ ಆದವರಿಗೆ ನ್ಯಾಟ್ಸ್ ಅನ್ನೋ ಬೇರೆ ಯೋಜನೆ, ಶಿಕ್ಷಣ ಸಚಿವಾಲಯದ್ದು. ಕರ್ನಾಟಕದವರಿಗೆ ಅದರ ಕಚೇರಿ ಚೆನ್ನೈನಲ್ಲಿರುವ ದಕ್ಷಿಣ ವಲಯದ ಮಂಡಳಿ. ಎರಡಕ್ಕೂ ಪೋರ್ಟಲ್ ಬೇರೆ ಬೇರೆ. ಒಂದರಲ್ಲಿ ಹಾಕಬೇಕಾದವರನ್ನು ಇನ್ನೊಂದರಲ್ಲಿ ಹಾಕಿ ಆಮೇಲೆ ತಲೆ ಚಚ್ಚಿಕೊಳ್ಳಬೇಡಿ.

ದುಡ್ಡಿನ ಲೆಕ್ಕ

2019ರ ನಿಯಮದ ಪ್ರಕಾರ ತಿಂಗಳಿಗೆ ಕನಿಷ್ಠ ಸ್ಟೈಪೆಂಡ್: ಐದರಿಂದ ಒಂಬತ್ತನೇ ಕ್ಲಾಸ್ ಓದಿದವರಿಗೆ 5,000 ರೂಪಾಯಿ, ಹತ್ತನೇ ಕ್ಲಾಸ್ ಆದವರಿಗೆ 6,000, ಪಿಯುಸಿ ಮತ್ತು ಐಟಿಐ ಆದವರಿಗೆ 7,000, ಡಿಪ್ಲೊಮಾಗೆ 8,000, ಡಿಗ್ರಿಗೆ 9,000. ಎರಡನೇ ವರ್ಷ ಇದ್ದರೆ ಶೇಕಡಾ 10, ಮೂರನೇ ವರ್ಷಕ್ಕೆ ಶೇಕಡಾ 15 ಏರಿಸಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರದ ಅಪ್ರೆಂಟಿಸ್‌ಷಿಪ್ ಮಂಡಳಿ ಇದನ್ನು 6,800ರಿಂದ 12,300ಕ್ಕೆ ಏರಿಸಿ ಅಂತ ಶಿಫಾರಸು ಮಾಡಿದೆ. ಹಾಗಾಗಿ ಕರಾರು ಮಾಡುವ ದಿನ ಪೋರ್ಟಲ್‌ನಲ್ಲಿ ಯಾವ ದರ ಇದೆ ನೋಡಿಕೊಂಡೇ ಬರೆಯಿರಿ.

ನ್ಯಾಪ್ಸ್‌ನಲ್ಲಿ ಸರ್ಕಾರ ಸ್ಟೈಪೆಂಡಿನ ಕಾಲು ಭಾಗ ಕೊಡುತ್ತದೆ, ಆದರೆ ತಿಂಗಳಿಗೆ 1,500 ದಾಟೋದಿಲ್ಲ. 7,000ದ ಐಟಿಐ ಹುಡುಗನಿಗೆ ಕಾಲು ಭಾಗ 1,750 ಆಗುತ್ತದೆ, ಸಿಗೋದು 1,500. ನಿಮ್ಮ ಪಾಲು 5,500. 2023ರಿಂದ ಆ 1,500 ನಿಮ್ಮ ಖಾತೆಗೆ ಬರೋದಿಲ್ಲ, ಅಪ್ರೆಂಟಿಸ್ ಖಾತೆಗೇ ನೇರವಾಗಿ ಹೋಗುತ್ತದೆ. ನಿಮ್ಮ ಪಾಲು ಕಟ್ಟಿದ ದಾಖಲೆ ಪೋರ್ಟಲ್‌ಗೆ ಹಾಕಿದ ಮೇಲೇ ಅದು ಬರೋದು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯೂ ಬೇಕು. ಊರಿನ ಬ್ಯಾಂಕಿನಲ್ಲಿ ಸ್ಕಾಲರ್‌ಷಿಪ್‌ಗೆ ಅಂತ ತೆಗೆದ ಹಳೇ ಖಾತೆ ಎಷ್ಟೋ ಸಲ ನಿಂತುಹೋಗಿರುತ್ತದೆ. ಸೇರಿದ ವಾರವೇ ಪಾಸ್‌ಬುಕ್ ತರಿಸಿ ನೋಡಿ. ಸರ್ಕಾರದ ಪಾಲು ತಡವಾಗಬಹುದು ಅಂತಲೂ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಓನರ್ ನುಂಗಿದ ಅಂತ ಮಾತು ಬರುತ್ತದೆ. ನ್ಯಾಟ್ಸ್‌ನಲ್ಲಿ ಸರ್ಕಾರದ ಪಾಲು ಜಾಸ್ತಿ, ಕನಿಷ್ಠ ಸ್ಟೈಪೆಂಡಿನ ಅರ್ಧ.

ಈಗ ಪುಸ್ತಕದಲ್ಲಿ ಇಲ್ಲದ ಲೆಕ್ಕ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ನಾಲ್ವರು ಸೇರಿ ರೂಮ್ ಮಾಡಿದರೂ 7,000ದಲ್ಲಿ ತಿಂಗಳು ತಳ್ಳೋದು ಕಷ್ಟ. ಯಾದಗಿರಿಯಿಂದ ಬಂದ ಹುಡುಗ ಮನೆಯಿಂದ ದುಡ್ಡು ತರಿಸಿಕೊಂಡು ನಿಮ್ಮಲ್ಲಿ ಕೆಲಸ ಕಲಿಯಬೇಕು ಅಂದರೆ ಅವನಪ್ಪ ಎಷ್ಟು ದಿನ ಕಳಿಸುತ್ತಾನೆ? ಕನಿಷ್ಠಕ್ಕಿಂತ ಎರಡು ಮೂರು ಸಾವಿರ ಜಾಸ್ತಿ ಕೊಡಿ. ಅದಾಗದಿದ್ದರೆ ಮಧ್ಯಾಹ್ನದ ಊಟ ಕೊಡಿ, ರೂಮಿನ ಅಡ್ವಾನ್ಸ್ ನೀವು ಕಟ್ಟಿ. ಅಡ್ವಾನ್ಸ್ ಒಂದು ಕಟ್ಟಿಕೊಟ್ಟರೂ ಮೊದಲ ತಿಂಗಳ ಅರ್ಧ ತಲೆನೋವು ಹೋಗುತ್ತದೆ.

ಗದಗ, ದಾವಣಗೆರೆ, ಶಿವಮೊಗ್ಗದಂಥ ಊರಿನ ಸಣ್ಣ ಶಾಪ್‌ಗಳಿಗೆ ಇಲ್ಲೊಂದು ಅನುಕೂಲ ಇದೆ, ಅವರೇ ಅದನ್ನು ಗಮನಿಸೋದಿಲ್ಲ. ಸುತ್ತಲ ಹಳ್ಳಿ ಮಕ್ಕಳು ಮನೆಯಿಂದ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದು ಹೋಗುತ್ತಾರೆ, 7,000 ಪೂರ್ತಿ ಮನೆಗೆ ಹೋಗುತ್ತದೆ. ಹುಡುಗಿಯರಿಗೆ 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾದಾ ಬಸ್ಸು ಉಚಿತ. ಹಾಗಾಗಿ ಐಟಿಐ ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಷಿಯನ್ ಮಾಡಿದ ಹುಡುಗಿಯರು ಮೂವತ್ತು ಕಿಲೋಮೀಟರ್ ದೂರದಿಂದಲೂ ಬರಬಲ್ಲರು. ನೀವು ಮಾಡಬೇಕಾದದ್ದು ಇಷ್ಟೇ: ಒಳಗಿನಿಂದ ಚಿಲಕ ಬೀಳುವ, ನೀರಿರುವ ಟಾಯ್ಲೆಟ್, ಮತ್ತು ಸಂಜೆಯ ಬಸ್ಸಿಗೆ ಸರಿಯಾಗಿ ಕೆಲಸ ಬಿಡೋದು.

ಹುಡುಕೋದು, ಆರಿಸೋದು

ಐಟಿಐ ಪರೀಕ್ಷೆ ಸಾಮಾನ್ಯವಾಗಿ ಜುಲೈ, ಆಗಸ್ಟ್ ಹೊತ್ತಿಗೆ. ರಿಸಲ್ಟ್ ಬಂದ ಮೇಲೆ ಹೋದರೆ ಚೆನ್ನಾಗಿರೋರನ್ನು ದೊಡ್ಡ ಕಂಪನಿಗಳು ತಗೊಂಡು ಹೋಗಿರುತ್ತವೆ. ಮೇ ಜೂನ್‌ನಲ್ಲೇ ಹತ್ತಿರದ ಐಟಿಐಗೆ ಹೋಗಿ, ಪ್ಲೇಸ್‌ಮೆಂಟ್ ನೋಡಿಕೊಳ್ಳುವವರನ್ನು ಭೇಟಿ ಮಾಡಿ, ಒಂದು ಗಂಟೆ ಕ್ಲಾಸಿನಲ್ಲಿ ಮಾತಾಡೋದಕ್ಕೆ ಅವಕಾಶ ಕೇಳಿ. ಹೋಗುವಾಗ ಎಚ್‌ಆರ್ ಜತೆಗೆ ನಿಮ್ಮ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿ. ನೀವೇ ಮಾಡಿದ ಎರಡು ಪಾರ್ಟ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಮಕ್ಕಳ ಕೈಗೆ ಕೊಡಿ. ಇದು ಯಾವ ಗಾಡಿಯಲ್ಲಿ ಎಲ್ಲಿ ಕೂರುತ್ತದೆ ಅಂತ ಮೇಸ್ತ್ರಿ ಹೇಳಿದರೆ ಅದರಷ್ಟು ಕೆಲಸ ಯಾವ ಪವರ್‌ಪಾಯಿಂಟೂ ಮಾಡೋದಿಲ್ಲ.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದಾರೆ. ಅಲ್ಲಿಂದ ಬರುವ ಮಕ್ಕಳು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್), ತ್ರೀಡಿ ಪ್ರಿಂಟರ್ ನೋಡಿರುತ್ತಾರೆ. ನಿಮ್ಮ ಹಳೇ ಲೇತ್ ತೋರಿಸಿ "ಇದು ಗೊತ್ತಾ" ಅಂತ ದಬಾಯಿಸೋ ಕಾಲ ಹೋಯ್ತು. ಟೂಲ್ ರೂಮ್ ಕೆಲಸಕ್ಕಾದರೆ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕಡೆ ನೋಡಿ. 1972ರಲ್ಲಿ ಡೆನ್ಮಾರ್ಕ್ ಸಹಾಯದಿಂದ ಶುರುವಾದ ಸಂಸ್ಥೆ, ಈಗ ಹಲವು ಜಿಲ್ಲೆಗಳಲ್ಲಿದೆ. ಐಟಿಐಗಳಲ್ಲಿ ನಡೆಯುವ ಅಪ್ರೆಂಟಿಸ್ ಮೇಳಕ್ಕೂ ಒಮ್ಮೆ ಹೋಗಿ ಟೇಬಲ್ ಹಾಕಿ, ಖರ್ಚೇನಿಲ್ಲ.

ಜಾಹೀರಾತು ಕನ್ನಡದಲ್ಲಿ ಬರೆಯಿರಿ, ಹೀಗೆ ನೇರವಾಗಿ: "ಐಟಿಐ ಟರ್ನರ್, ಮೆಷಿನಿಸ್ಟ್ ಆದವರು ಬೇಕಾಗಿದ್ದಾರೆ. ಒಂದು ವರ್ಷದ ಅಪ್ರೆಂಟಿಸ್. ತಿಂಗಳಿಗೆ ಇಷ್ಟು, ಮಧ್ಯಾಹ್ನ ಊಟ, ಸೇಫ್ಟಿ ಶೂ ನಮ್ಮದು. ಮೊದಲ ಮೂರು ತಿಂಗಳು ಸಾದಾ ಲೇತ್ ಮತ್ತು ಅಳತೆ, ಆಮೇಲೆ ಸಿಎನ್‌ಸಿ. ರಾತ್ರಿ ಪಾಳಿ ಇಲ್ಲ. ವರ್ಷ ಮುಗಿದ ಮೇಲೆ ಕೆಲಸ ಖಚಿತ ಅಂತ ಹೇಳೋದಿಲ್ಲ. ಕಳೆದ ವರ್ಷ ಎಷ್ಟು ಜನ ಉಳಿದರು ಅಂತ ಕೇಳಿದರೆ ಹೇಳುತ್ತೇವೆ." ಈ ಕೊನೆ ಸಾಲು ಹಾಕೋದಕ್ಕೆ ಬಹಳ ಜನ ಹೆದರುತ್ತಾರೆ. ಹಾಕಿ ನೋಡಿ, ಬರುವವರು ಕಡಿಮೆ ಆಗಬಹುದು, ಬಂದವರು ನಿಲ್ಲುತ್ತಾರೆ.

ಇಂಟರ್‌ವ್ಯೂನಲ್ಲಿ "ನಿಮ್ಮ ಬಗ್ಗೆ ಹೇಳಿ" ಬಿಟ್ಟುಬಿಡಿ. ಅದಕ್ಕೆ ಎಲ್ಲರೂ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಟೇಬಲ್ ಮೇಲೆ ಮೆಷಿನ್‌ನಿಂದ ಈಗಷ್ಟೇ ಇಳಿದ, ಕೂಲೆಂಟ್ ಅಂಟಿರುವ ಒಂದು ಶಾಫ್ಟ್ ಇಡಿ. ಪಕ್ಕದಲ್ಲಿ ಅಳೆಯೋ ವರ್ನಿಯರ್, ಒಂದು ತುಂಡು ವೇಸ್ಟ್ ಬಟ್ಟೆ, ಪೆನ್ನು, ಕಾಗದ. "ಇದರ ಡಯಾ ಅಳೆದು ಬರೆಯಪ್ಪ" ಅಂತ ಹೇಳಿ ಸುಮ್ಮನೆ ಕೂತು ನೋಡಿ. ಒಬ್ಬ ಶಾಫ್ಟನ್ನು ಹಾಗೇ ಎತ್ತಿ ದವಡೆ ಒತ್ತಿ ಹಿಡಿದು ಒಂದು ಅಳತೆ ಹೇಳಿ ಕೆಳಗಿಡುತ್ತಾನೆ. ಇನ್ನೊಬ್ಬ ಮೊದಲು ಬಟ್ಟೆಯಲ್ಲಿ ಶಾಫ್ಟ್ ಒರೆಸುತ್ತಾನೆ, ವರ್ನಿಯರ್ ದವಡೆ ಮುಚ್ಚಿ ಸೊನ್ನೆ ಸರಿಯಾಗಿ ಕೂರುತ್ತಾ ನೋಡುತ್ತಾನೆ, ಎರಡು ಮೂರು ಕಡೆ ತಿರುಗಿಸಿ ಅಳೆಯುತ್ತಾನೆ, ಬರೆಯುವಾಗ 24.98ಕ್ಕೆ ಪಕ್ಕದಲ್ಲಿ ಮಿಲಿಮೀಟರ್ ಅಂತ ಸೇರಿಸುತ್ತಾನೆ. ಅಳತೆ ಒಂದು ಗೆರೆ ಆಚೀಚೆ ಆದರೂ ಪರವಾಗಿಲ್ಲ, ಎರಡನೆಯವನನ್ನು ತಗೊಳ್ಳಿ. ಮಾರ್ಕ್ಸ್ ಕಾರ್ಡ್ ಆಮೇಲೆ ನೋಡಿದರೂ ನಡೆಯುತ್ತದೆ.

ಆರಿಸಿದ ಮೇಲೆ ಮನೆಗೊಂದು ಫೋನ್ ಮಾಡಿ. ಅಪ್ಪ ಅಮ್ಮನಿಗೆ ಎಲ್ಲಿ ಇರುತ್ತಾನೆ, ಏನು ಊಟ, ಯಾರನ್ನು ಕೇಳಬೇಕು ಅಂತ ಹೇಳಿ. ಯುವನಿಧಿ ದುಡ್ಡು ಬರುತ್ತಿದ್ದರೆ ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ತಗೊಳ್ಳುವಾಗ ಅದು ನಡೆಯೋದಿಲ್ಲ, ಇದನ್ನೂ ಆಗಲೇ ಹೇಳಿ. ತಗೊಳ್ಳೋದಾದರೆ ಒಬ್ಬರನ್ನು ತಗೊಳ್ಳಬೇಡಿ, ಇಬ್ಬರನ್ನು ತಗೊಳ್ಳಿ. ಒಬ್ಬನೇ ಆದರೆ ಮಧ್ಯಾಹ್ನ ಊಟಕ್ಕೆ ಕೂರಲೂ ಜತೆ ಇರೋದಿಲ್ಲ.

ಕಾಗದ ಪತ್ರ, ಬೇಗ ಮುಗಿಸೋಣ

ಪೋರ್ಟಲ್‌ನಲ್ಲಿ ಸಂಸ್ಥೆ ನೋಂದಣಿ ಮಾಡಿ, ಯಾವ ಟ್ರೇಡ್‌ಗೆ ಎಷ್ಟು ಜನ ಅಂತ ಹಾಕಿ, ಅಭ್ಯರ್ಥಿಗೆ ಆಫರ್ ಕಳಿಸಿ, ಅವರು ಒಪ್ಪಿದ ಮೇಲೆ ಕರಾರು ತಯಾರಾಗುತ್ತದೆ. ಅದು ನೋಂದಣಿ ಆಗದೆ ಕೆಲಸಕ್ಕೆ ನಿಲ್ಲಿಸಿಕೊಂಡರೆ ಕಾಯ್ದೆ ಕಣ್ಣಲ್ಲಿ ಅವನು ಅಪ್ರೆಂಟಿಸ್ ಅಲ್ಲ, ಮಾಮೂಲಿ ಕೆಲಸಗಾರ. ಕನಿಷ್ಠ ಕೂಲಿ, ಪಿಎಫ್, ಎಲ್ಲ ತಲೆ ಮೇಲೆ ಬರುತ್ತದೆ. ಗೊತ್ತಾಗದಿದ್ದರೆ ಜಿಲ್ಲೆಯ ಸರ್ಕಾರಿ ಐಟಿಐನಲ್ಲಿ ಕೇಳಿ. ಕಾಸಿಯಾ (ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ), ಪೀಣ್ಯ ಕೈಗಾರಿಕಾ ಸಂಘದಂಥ ಸಂಘಟನೆಯ ಸದಸ್ಯರಾಗಿದ್ದರೆ ಅಲ್ಲೂ ಇದನ್ನು ಮಾಡಿ ನೋಡಿದವರು ಸಿಗುತ್ತಾರೆ. ಈ ಕೆಲಸವನ್ನೇ ಮಾಡಿಕೊಡುವ ಮಧ್ಯವರ್ತಿ ಸಂಸ್ಥೆಗಳೂ ಇವೆ, ಪೋರ್ಟಲ್ ಭಾಷೆಯಲ್ಲಿ ಥರ್ಡ್ ಪಾರ್ಟಿ ಅಗ್ರಿಗೇಟರ್. ಹತ್ತು ಜನರ ಶಾಪ್‌ಗೆ ಉಪಯೋಗ ಆಗಬಹುದು. ಆದರೆ ಹುಡುಗರಿಂದ ಒಂದು ರೂಪಾಯಿ ಕೇಳುವ ಯಾವನನ್ನೂ ಒಳಗೆ ಸೇರಿಸಬೇಡಿ.

ನೆನಪಿಡಬೇಕಾದ ನಾಲ್ಕು ನಿಯಮ. ಸ್ಟೈಪೆಂಡ್ ಮುಂದಿನ ತಿಂಗಳ 10ರೊಳಗೆ ಬ್ಯಾಂಕಿಗೆ ಹೋಗಬೇಕು. ಪೀಸ್ ರೇಟ್ ಮೇಲೆ ಕೊಡುವ ಹಾಗಿಲ್ಲ, ಪ್ರೊಡಕ್ಷನ್ ಇನ್ಸೆಂಟಿವ್‌ಗೂ ಸೇರಿಸುವ ಹಾಗಿಲ್ಲ. ಗಾರ್ಮೆಂಟ್ಸ್‌ನವರು ಇದನ್ನು ಎರಡು ಸಲ ಓದಿ. ಓಟಿ ಮಾಡಿಸಬೇಕಾದರೆ ಅಪ್ರೆಂಟಿಸ್‌ಷಿಪ್ ಅಡ್ವೈಸರ್ ಅನ್ನೋ ಸರ್ಕಾರಿ ಅಧಿಕಾರಿಯ ಒಪ್ಪಿಗೆ ಬೇಕು, ಅದೂ ತರಬೇತಿಗೆ ಉಪಯೋಗ ಅಂತ ಅವರಿಗೆ ಅನ್ನಿಸಿದರೆ. ರಜೆ ನಿಮ್ಮ ಬೇರೆಯವರಿಗೆ ಹೇಗೋ ಇವರಿಗೂ ಹಾಗೇ.

ಪಿಎಫ್, ಇಎಸ್‌ಐ ಇವರಿಗೆ ಕಟ್ಟಬೇಕಿಲ್ಲ. ಇದು ಉಳಿತಾಯ ಅಂತ ಖುಷಿಪಡೋರಿಗೆ ಒಂದು ಮಾತು: ಇಎಸ್‌ಐ ಇಲ್ಲ ಅಂದರೆ ಬೆರಳು ಸಿಕ್ಕಿಕೊಂಡ ದಿನ ಆಸ್ಪತ್ರೆ ಬಿಲ್ ನಿಮ್ಮ ಜೇಬಿಗೇ ಬರುತ್ತದೆ, ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡೋದು ಕಾಯ್ದೆಯಲ್ಲೇ ಇದೆ. ಒಂದು ಗ್ರೂಪ್ ಅಪಘಾತ ವಿಮೆ ಮೊದಲ ದಿನವೇ ಮಾಡಿಸಿ.

ಮೇಸ್ತ್ರಿಯ ವಿಷಯ

ಒಳ್ಳೇ ಕೆಲಸಗಾರ ಎಲ್ಲ ಒಳ್ಳೇ ಮೇಷ್ಟ್ರಾಗೋದಿಲ್ಲ. ನಿಮ್ಮ ಶಾಪ್‌ನ ಅತಿ ಚುರುಕು ಮನುಷ್ಯ "ಸರಿ ಬಿಡು, ನಾನೇ ಮಾಡ್ತೀನಿ" ಅಂತ ಹುಡುಗನ ಕೈಯಿಂದ ಕಸಿದುಕೊಳ್ಳುವವನಾಗಿರುತ್ತಾನೆ. ಎರಡನೇ ಸಲ ಕೇಳಿದರೂ ಮುಖ ಸಿಂಡರಿಸದೆ ಹೇಳುವವರು ಯಾರು ಅಂತ ನೋಡಿ. ಅವರ ಕೈಕೆಳಗೆ ಇಬ್ಬರು, ಹೆಚ್ಚೆಂದರೆ ಮೂವರನ್ನು ಬಿಡಿ.

ಅವರ ಮನಸ್ಸಿನಲ್ಲಿ ಒಂದು ಹೆದರಿಕೆ ಇರುತ್ತದೆ, ಬಾಯಿ ಬಿಟ್ಟು ಹೇಳೋದಿಲ್ಲ. ಈ ಹುಡುಗ ಅರ್ಧ ಸಂಬಳಕ್ಕೆ ನನ್ನ ಕೆಲಸ ಮಾಡೋದು ಕಲಿತರೆ ಓನರ್ ನನ್ನನ್ನು ಇಟ್ಟುಕೊಳ್ಳುತ್ತಾರಾ? ಈ ಹೆದರಿಕೆ ಇರುವವರೆಗೆ ಮೇಸ್ತ್ರಿ ಸೆಟ್ಟಿಂಗ್ ಮಾಡುವಾಗ ಹುಡುಗನನ್ನು ಟೀ ತರೋದಕ್ಕೆ ಕಳಿಸುತ್ತಲೇ ಇರುತ್ತಾನೆ. ಅದಕ್ಕೆ ನೀವೇ ಕರೆದು ಮಾತಾಡಿ. ಕಲಿಸೋದಕ್ಕೆ ಅಂತ ತಿಂಗಳಿಗೆ ಒಂದೆರಡು ಸಾವಿರ ಬೇರೆಯಾಗಿ ಕೊಡಿ, ಪೇ ಸ್ಲಿಪ್‌ನಲ್ಲಿ ಅದಕ್ಕೊಂದು ಸಾಲು ಇರಲಿ. ದಿನಕ್ಕೆ ಒಂದು ಗಂಟೆ ಅವರ ಪ್ರೊಡಕ್ಷನ್ ಟಾರ್ಗೆಟ್ ಕಡಿಮೆ ಮಾಡಿ. ಟಾರ್ಗೆಟ್ ಹಾಗೇ ಇಟ್ಟು ಕಲಿಸು ಅಂದರೆ ಯಾರೂ ಕಲಿಸೋದಿಲ್ಲ, ಅವರನ್ನು ಬೈದು ಉಪಯೋಗವಿಲ್ಲ.

ಮೊದಲ ತಿಂಗಳಿನಿಂದ ಕೊನೆ ತಿಂಗಳವರೆಗೆ

ಮೊದಲ ವಾರ ಮೆಷಿನ್ ಮುಟ್ಟಿಸಬೇಡಿ. ಶಾಪ್ ತೋರಿಸಿ, ಕಚ್ಚಾ ಮಾಲು ಎಲ್ಲಿ ಬರುತ್ತದೆ, ಡಿಸ್‌ಪ್ಯಾಚ್ ಎಲ್ಲಿ ಆಗುತ್ತದೆ, ಒಂದು ಪಾರ್ಟಿನ ಹಿಂದೆ ಸುತ್ತಿಸಿ. ಸೇಫ್ಟಿ ಹೇಳುವಾಗ ಗೋಡೆ ಮೇಲಿನ ಬೋರ್ಡ್ ಓದಿಸಬೇಡಿ, ಮೆಷಿನ್ ಮುಂದೆ ನಿಲ್ಲಿಸಿ ತೋರಿಸಿ. ಚಕ್ (ಲೇತ್‌ನಲ್ಲಿ ಪಾರ್ಟ್ ಹಿಡಿದು ತಿರುಗಿಸುವ ಭಾಗ) ಬಿಗಿಸುವ ಕೀ ಕೈಯಲ್ಲಿರಬೇಕು ಇಲ್ಲಾ ರ್‍ಯಾಕ್‌ನಲ್ಲಿರಬೇಕು, ಚಕ್ಕಿನಲ್ಲಿ ಬಿಟ್ಟು ಕೈ ತೆಗೆಯಬಾರದು. ತಿರುಗುವ ಮೆಷಿನ್ ಹತ್ತಿರ ಗ್ಲೌಸ್ ಹಾಕಬಾರದು, ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕೈಗೆ ಕಟ್ಟಿದ ದಾರ, ಕಡಗ, ಉಂಗುರ ಲಾಕರ್‌ಗೆ. ದೇವಸ್ಥಾನದ ದಾರ ಬಿಚ್ಚೋದಕ್ಕೆ ಮಕ್ಕಳು ಹಿಂದೆಮುಂದೆ ನೋಡುತ್ತಾರೆ. ಮೇಸ್ತ್ರಿ ತನ್ನದನ್ನು ಬಿಚ್ಚಿ ಇಟ್ಟದ್ದು ನೋಡಿದರೆ ಅವರೂ ಇಡುತ್ತಾರೆ. ಚಿಪ್ಸ್ ಕೈಯಲ್ಲಿ ಎಳೆಯಬಾರದು, ಕೊಕ್ಕೆ ಕೊಡಿ.

ಎರಡನೇ ವಾರದಿಂದ ಅಳತೆ ಮತ್ತು ಡ್ರಾಯಿಂಗ್. ಐಟಿಐ ಮಕ್ಕಳಿಗೆ ವರ್ನಿಯರ್ ಗೊತ್ತಿರುತ್ತದೆ, ಮೈಕ್ರೋಮೀಟರಿನ ರ್‍ಯಾಚೆಟ್ ಎಷ್ಟು ತಿರುಗಿಸಬೇಕು ಅನ್ನೋದು ಕೈಗೆ ಬಂದಿರೋದಿಲ್ಲ. ರಿಜೆಕ್ಟ್ ಆದ ಪಾರ್ಟ್‌ಗಳ ಒಂದು ಡಬ್ಬಿ ಇಡಿ. ದಿನಾ ಬೆಳಿಗ್ಗೆ ಐದು ತೆಗೆದು ಅಳೆದು ಡ್ರಾಯಿಂಗ್ ಜತೆ ಹೋಲಿಸಿ "ಇದು ಯಾಕೆ ರಿಜೆಕ್ಟ್ ಆಯ್ತು" ಅಂತ ಬರೆಯಲಿ. ಎರಡು ವಾರದಲ್ಲಿ ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನೋ ಮಿತಿ) ಅಂದರೇನು ಅಂತ ತಾನಾಗೇ ತಲೆಗೆ ಹೋಗುತ್ತದೆ, ರಿಜೆಕ್ಷನ್‌ಗೆ ಎಷ್ಟು ದುಡ್ಡು ಹೋಗುತ್ತಿದೆ ಅನ್ನೋದು ನಿಮಗೂ ಕಾಣುತ್ತದೆ.

ಆಮೇಲೆ ಎರಡು ತಿಂಗಳು ಸಾದಾ ಲೇತ್, ಡ್ರಿಲ್ಲಿಂಗ್, ಫೈಲಿಂಗ್. ಸಿಎನ್‌ಸಿ ಕಾಲದಲ್ಲಿ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಟೂಲ್ ಬಿಟ್ ಕತ್ತರಿಸುವಾಗ ಬರುವ ಶಬ್ದ, ಫೀಡ್ (ಟೂಲ್ ಮುಂದೆ ಸರಿಯುವ ವೇಗ) ಜಾಸ್ತಿಯಾದರೆ ಕೈಗೆ ತಾಗುವ ನಡುಕ, ಇವನ್ನು ಸಾದಾ ಲೇತ್‌ನಲ್ಲಿ ಕಲಿತವನು ಸಿಎನ್‌ಸಿ ಬಾಗಿಲ ಹೊರಗೆ ನಿಂತೂ ಟೂಲ್ ಸವೆದು ಹೋಗ್ತಿದೆ ಅಂತ ಹೇಳುತ್ತಾನೆ. ಸಿಎನ್‌ಸಿಗೆ ಹತ್ತಿಸಿದಾಗ ಮೊದಲು ಲೋಡಿಂಗ್, ಅನ್‌ಲೋಡಿಂಗ್, ಫಸ್ಟ್ ಪೀಸ್ ಅಳತೆ. ಆಫ್‌ಸೆಟ್ (ಟೂಲ್ ಎಲ್ಲಿಗೆ ಬರಬೇಕು ಅಂತ ಮೆಷಿನ್‌ಗೆ ಕೊಡುವ ತಿದ್ದುಪಡಿ ಅಂಕಿ) ಬದಲಿಸೋದು ಅದಾದ ಮೇಲೆ, ಅದೂ ಎರಡು ತಿಂಗಳು ಮೇಸ್ತ್ರಿ ಪಕ್ಕದಲ್ಲಿ ನಿಂತಿರಬೇಕು. 0.1 ಹೊಡೆಯೋ ಕಡೆ 1.0 ಹೊಡೆದರೆ ಟೂಲ್ ಹೋಗಿ ಜಾಬಿಗೆ ಗುದ್ದುತ್ತದೆ. ಅದಕ್ಕೆ ಒಂದು ಪದ್ಧತಿ ಮಾಡಿ: ಹುಡುಗ ಅಂಕಿ ಬಾಯಿಬಿಟ್ಟು ಓದಬೇಕು, ಮೇಸ್ತ್ರಿ ಹೂಂ ಅಂದ ಮೇಲೆ ಇನ್‌ಪುಟ್ ಒತ್ತಬೇಕು, ಮೊದಲ ಪೀಸ್ ಸಿಂಗಲ್ ಬ್ಲಾಕ್‌ನಲ್ಲಿ (ಪ್ರೋಗ್ರಾಮಿನ ಒಂದೊಂದೇ ಸಾಲು), ಫೀಡ್ ಇಳಿಸಿ ಓಡಿಸಬೇಕು.

ಟೂಲ್ ಮುರಿದ ದಿನ ನೀವು ಹೇಗೆ ನಡೆದುಕೊಳ್ಳುತ್ತೀರಿ ಅನ್ನೋದನ್ನು ಇಡೀ ಶಾಪ್ ನೋಡುತ್ತಿರುತ್ತದೆ. ಸ್ಟೈಪೆಂಡ್‌ನಲ್ಲಿ ಹಿಡಿದುಕೊಂಡರೆ ಮುಂದಿನ ಸಲ ಮುರಿದದ್ದನ್ನು ಬಚ್ಚಿಡುತ್ತಾರೆ, ಕಸ್ಟಮರ್ ಕಡೆಯಿಂದ ಕಂಪ್ಲೇಂಟ್ ಬಂದಾಗಲೇ ನಿಮಗೆ ಗೊತ್ತಾಗೋದು.

ದಿನಾ ಕೊನೆಯ ಹತ್ತು ನಿಮಿಷ ಲಾಗ್‌ಬುಕ್. ಏನು ಮಾಡಿದೆ, ಏನು ತಪ್ಪಿತು, ನಾಳೆ ಏನು ಕೇಳಬೇಕು. ಕನ್ನಡದಲ್ಲೇ ಬರೆಯಲಿ, ಅಲ್ಲಲ್ಲಿ ಚಿತ್ರ ಬಿಡಿಸಲಿ. ಶನಿವಾರ ಮೇಸ್ತ್ರಿ ಓದಿ ಸಹಿ ಹಾಕಬೇಕು. ವರ್ಷದ ಕೊನೆಗೆ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಸರ್ಟಿಫಿಕೇಟ್ ಸಿಗುತ್ತದೆ. ತಯಾರಿಗೆ ಈ ಲಾಗ್‌ಬುಕ್ಕೂ ಉಪಯೋಗಕ್ಕೆ ಬರುತ್ತದೆ. ಪರೀಕ್ಷೆಗೆ ಮುಂಚೆ ಒಂದೆರಡು ವಾರ ಮಧ್ಯಾಹ್ನ ಬಿಟ್ಟುಕೊಡಿ, ಥಿಯರಿ ಓದಿಕೊಳ್ಳಲಿ.

ದೊಡ್ಡ ಕಂಪನಿಯವರಿಗೆ

ನಿಮಗೆ ಜನ ಹುಡುಕೋದು ಕಷ್ಟ ಇಲ್ಲ. ಎಚ್‌ಎಎಲ್, ಬಿಇಎಲ್ ಅಧಿಸೂಚನೆ ಬಂದರೆ ಜನ ತಾವಾಗೇ ಬರುತ್ತಾರೆ. ನೈಋತ್ಯ ರೈಲ್ವೆ ಹತ್ತನೇ ಕ್ಲಾಸ್ ಮತ್ತು ಐಟಿಐ ಅಂಕಗಳ ಮೆರಿಟ್ ಪಟ್ಟಿ ಮಾಡಿ ಹುಬ್ಬಳ್ಳಿ, ಮೈಸೂರಿನ ವರ್ಕ್‌ಶಾಪ್‌ಗಳಿಗೆ ತಗೊಳ್ಳುತ್ತದೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಕೆಳಹಂತದ ನೇಮಕಾತಿಯಲ್ಲಿ ಶೇಕಡಾ 20 ಮೀಸಲು ಇರುವುದರಿಂದ ಮಕ್ಕಳು ಅದಕ್ಕೆ ಜೀವ ಬಿಡುತ್ತಾರೆ. ಬಿಡದಿಯ ಟೊಯೊಟಾ 2007ರಲ್ಲಿ ತನ್ನದೇ ತರಬೇತಿ ಸಂಸ್ಥೆ ಶುರು ಮಾಡಿತು. ಹಳ್ಳಿಯ ಹತ್ತನೇ ಕ್ಲಾಸ್ ಆದ ಮಕ್ಕಳನ್ನು ಹಾಸ್ಟೆಲ್‌ನಲ್ಲಿಟ್ಟು ಮೂರು ವರ್ಷ ಕಲಿಸುವ ಪದ್ಧತಿ ಅದು. ಎಲ್ಲರಿಗೂ ಅಷ್ಟು ದೊಡ್ಡದು ಮಾಡೋದಕ್ಕೆ ಆಗೋದಿಲ್ಲ, ಬೇಕಾಗಿಯೂ ಇಲ್ಲ. ಆದರೆ ಲೈನ್‌ನಿಂದ ದೂರ ಒಂದು ಮೂಲೆಯಲ್ಲಿ ನಾಲ್ಕು ವೈಸ್ ಬೆಂಚು, ಎರಡು ಹಳೇ ಮೆಷಿನ್, ಒಬ್ಬ ಪೂರ್ಣಾವಧಿ ಕಲಿಸುವವರು, ಇಷ್ಟನ್ನು ಯಾವ ದೊಡ್ಡ ಕಾರ್ಖಾನೆಯೂ ಮಾಡಬಹುದು. ಎರಡು ಮೂರು ವರ್ಷದಲ್ಲಿ ರಿಟೈರ್ ಆಗುವ ಫೋರ್‌ಮನ್ ಅದಕ್ಕೆ ಹೇಳಿ ಮಾಡಿಸಿದ ಮನುಷ್ಯ.

ನಿಮ್ಮಲ್ಲಿ ಕೆಡೋದು ಬೇರೆ ಕಡೆ. 60 ಅಪ್ರೆಂಟಿಸ್ ತಗೊಂಡು ಎಲ್ಲರನ್ನೂ ಅಸೆಂಬ್ಲಿ ಲೈನ್‌ನಲ್ಲಿ ಒಂದೇ ಸ್ಟೇಷನ್‌ನಲ್ಲಿ ವರ್ಷ ಪೂರ್ತಿ ಅದೇ ನಾಲ್ಕು ಬೋಲ್ಟ್ ಬಿಗಿಸೋದಕ್ಕೆ ನಿಲ್ಲಿಸುತ್ತಾರೆ, ಬ್ಯಾಚ್ ಮುಗಿದರೆ ಇನ್ನೊಂದು ಬ್ಯಾಚ್. ಇದು ತರಬೇತಿ ಅಂತ ಯಾರಿಗೆ ಹೇಳಿದರೂ ನಂಬೋದಿಲ್ಲ. ಮೂರು ತಿಂಗಳಿಗೊಮ್ಮೆ ವಿಭಾಗ ಬದಲಿಸಿ: ಮೆಷಿನಿಂಗ್, ಮೇಂಟೆನೆನ್ಸ್, ಕ್ವಾಲಿಟಿ, ಅಸೆಂಬ್ಲಿ. ಬದಲಿಸುವ ತಾರೀಖು ಸೇರಿದ ದಿನವೇ ಬರೆದು ಕೈಗೆ ಕೊಡಿ. ಲೈನ್ ಸೂಪರ್‌ವೈಸರ್ "ಇವನನ್ನು ಬಿಟ್ಟರೆ ನನ್ನ ಲೈನ್ ನಿಲ್ಲುತ್ತೆ" ಅಂದರೆ ಅಲ್ಲಿ ಒಬ್ಬ ಕೆಲಸಗಾರ ಕಡಿಮೆ ಇದ್ದಾನೆ ಅಂತ ತಿಳಿದುಕೊಂಡು ಆ ಜಾಗಕ್ಕೆ ಸಂಬಳ ಕೊಟ್ಟು ಜನ ತಗೊಳ್ಳಿ. ಇನ್ನೊಂದು, ನಿಮಗೆ ಪಾರ್ಟ್ ಕೊಡುವ ಸಣ್ಣ ಸಪ್ಲೈಯರ್‌ಗಳ ಅಪ್ರೆಂಟಿಸ್‌ಗಳಿಗೂ ನಿಮ್ಮ ಬೆಂಚಿನಲ್ಲಿ ಮೊದಲ ತಿಂಗಳ ತರಬೇತಿ ಕೊಡಿ. ಅವರ ರಿಜೆಕ್ಷನ್ ಇಳಿದರೆ ಲಾಭ ನಿಮ್ಮದೇ ಅಲ್ವಾ.

ಕಾರ್ಖಾನೆ ಅಲ್ಲದವರಿಗೆ

ಗ್ಯಾರೇಜು, ಹೋಟೆಲು, ಬೇಕರಿ, ಬಟ್ಟೆ ಅಂಗಡಿಗೂ ಅಪ್ರೆಂಟಿಸ್ ತಗೊಳ್ಳಬಹುದು. ಅದಕ್ಕೆ ಆಪ್ಷನಲ್ ಟ್ರೇಡ್ ಅಂತ ದಾರಿ ಇದೆ, 6 ತಿಂಗಳಿಂದ 3 ವರ್ಷದವರೆಗೆ, ಏನು ಕಲಿಸಬೇಕು ಅನ್ನೋದರಲ್ಲಿ ನಿಮಗೆ ಸ್ವಾತಂತ್ರ್ಯವೂ ಜಾಸ್ತಿ. ಒಂದು ಹಾಳೆಯಲ್ಲಿ ತಿಂಗಳಿಗೊಂದು ಸಾಲು ಬರೆಯಿರಿ. ಬೇಕರಿ ಆದರೆ ಮೊದಲ ತಿಂಗಳು ತೂಕ ಮತ್ತು ಸ್ವಚ್ಛತೆ, ಎರಡನೇ ತಿಂಗಳು ಹಿಟ್ಟು ಕಲಸೋದು, ಆಮೇಲೆ ಓವನ್, ಕೊನೆಗೆ ಐಸಿಂಗ್ ಮತ್ತು ಲೆಕ್ಕ. ಹನ್ನೆರಡು ಸಾಲಿನಲ್ಲಿ ಎಂಟು ಸಾಲು "ಗುಡಿಸೋದು, ತೊಳೆಯೋದು" ಅಂತ ಬಂದರೆ ನಿಮಗೆ ಬೇಕಾಗಿರೋದು ಸಹಾಯಕ, ಅಪ್ರೆಂಟಿಸ್ ಅಲ್ಲ.

ವರ್ಷ ಮುಗಿಯುವಾಗ

ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾಯ್ದೆ ಹೇಳೋದಿಲ್ಲ. ಕರಾರಿನಲ್ಲಿ ಕೊಡುತ್ತೇನೆ ಅಂತ ಬರೆದಿದ್ದರೆ ಮಾತ್ರ ಕೊಡಬೇಕು. ಆದರೆ ಉಳಿಸಿಕೊಳ್ಳುವ ಮನಸ್ಸಿದ್ದರೆ ಹನ್ನೆರಡನೇ ತಿಂಗಳವರೆಗೆ ಕಾಯಬೇಡಿ. ಅಷ್ಟೊತ್ತಿಗೆ ಪಕ್ಕದ ಶೆಡ್ಡಿನವನು ಟೀ ಅಂಗಡಿಯಲ್ಲಿ ಮಾತಾಡಿ ಮುಗಿಸಿರುತ್ತಾನೆ. ಒಂಬತ್ತನೇ ತಿಂಗಳಲ್ಲಿ ಕರೆದು ಕೂರಿಸಿ, ಸಂಬಳ ಎಷ್ಟು, ಪಿಎಫ್ ಇಎಸ್‌ಐ ಯಾವತ್ತಿನಿಂದ, ಯಾವ ಮೆಷಿನ್ ಮೇಲೆ ಅಂತ ಬಾಯಲ್ಲಿ ಹೇಳಿ ಕಾಗದದಲ್ಲೂ ಕೊಡಿ. ಸ್ಟೈಪೆಂಡಿಗೆ ಸಾವಿರ ಸೇರಿಸಿ "ಇದೇ ಸಂಬಳ" ಅನ್ನಬೇಡಿ. ಅದೇ ಕೆಲಸಕ್ಕೆ ಹೊರಗಿನಿಂದ ಬಂದವನಿಗೆ ಎಷ್ಟು ಕೊಡುತ್ತಿದ್ದಿರೋ ಅಷ್ಟೇ ಕೊಡಿ, ನಿಮ್ಮ ಮೆಷಿನ್ ನಿಮ್ಮ ಡ್ರಾಯಿಂಗ್ ಇವನಿಗೆ ಆಗಲೇ ಗೊತ್ತಿದೆ. ಉಳಿಸಿಕೊಳ್ಳೋದಕ್ಕೆ ಆಗದಿದ್ದರೆ ಅದನ್ನೂ ಅದೇ ಒಂಬತ್ತನೇ ತಿಂಗಳಲ್ಲಿ ಹೇಳಿ, ಪರಿಚಯದ ಎರಡು ಶಾಪ್‌ಗೆ ನೀವೇ ಫೋನ್ ಮಾಡಿ, ಹೋಗುವಾಗ ಸರ್ಟಿಫಿಕೇಟ್ ಜತೆಗೆ ಲಾಗ್‌ಬುಕ್ಕನ್ನೂ ಅವನ ಕೈಗೇ ಕೊಟ್ಟು ಕಳಿಸಿ.